ತಪ್ಪಿದ ಜೋಡಿಗೆ ಲೋಹದ ಬೆಸುಗೆ

ಜ್ವರ ಬಂದ ಮಗುವಿನ ಕಂಕುಳಲ್ಲಿಟ್ಟ ಉಷ್ಣಮಾಪಕವು ಕೈಜಾರಿ ನೆಲಕ್ಕೆ ಬಿದ್ದು ಒಡೆಯುವ ಪ್ರಸಂಗವು ಹಳೆಯ ಮನೆಗಳಿಗೆ ಹೊಸತಲ್ಲ. ಗಾಜಿನ ಚೂರುಗಳ ನಡುವೆ ಬೆಳ್ಳಿಯ ಮುತ್ತುಗಳಂತೆ ಹೊರಳಾಡುವ ಪಾದರಸದ ಹನಿಗಳನ್ನು ಕಂಡು ಮಕ್ಕಳು ಹಿಗ್ಗುತ್ತಾರೆ. ಹಿರಿಯರು ಗಾಬರಿಯಿಂದ ಪೊರಕೆಯನ್ನು ಹುಡುಕುತ್ತಾರೆ. ದ್ರವವಾಗಿದ್ದರೂ ಕೈಯನ್ನು ಒದ್ದೆ ಮಾಡದ, ಹಿಡಿಯಹೋದರೆ ಒಡೆದು ನೂರಾಗುವ ಈ ಲೋಹವು ಮಾನವನ ಕುತೂಹಲವನ್ನು ಪುರಾತನ ಕಾಲದಿಂದಲೂ ಕೆರಳಿಸುತ್ತ ಬಂದಿದೆ. ರಸವಾದಿಗಳು ಇದರಿಂದ ಚಿನ್ನವನ್ನು ಮಾಡಹೊರಟರು. ವೈದ್ಯರು ಔಷಧವನ್ನು ಮಾಡಿದರು. ಕಾರ್ಖಾನೆಗಳು ಇದನ್ನು ಬಳಸಿ, ಉಳಿದುದನ್ನು ನದಿಗೂ ಸಮುದ್ರಕ್ಕೂ ಹರಿಯಬಿಟ್ಟವು.

ಇದೇ ಪಾದರಸಕ್ಕೆ ಇನ್ನೊಂದು ವಿಚಿತ್ರ ಗುಣವಿರುವುದನ್ನು ಕಳೆದ ಏಳು ದಶಕಗಳ ಸಂಶೋಧನೆಯು ಹಂತಹಂತವಾಗಿ ಬೆಳಕಿಗೆ ತಂದಿದೆ. ಜೀವಿಗಳ ಆನುವಂಶಿಕ ಬರಹವಾದ ಡಿ.ಎನ್.ಎ.ಯಲ್ಲಿ, ಪರಸ್ಪರ ಹೊಂದಿಕೊಳ್ಳದ ಎರಡು ಅಕ್ಷರಗಳು ಎದುರುಬದುರಾಗಿ ನಿಂತಾಗ, ಪಾದರಸದ ಒಂದೇ ಒಂದು ಕಣವು ಅವೆರಡರ ನಡುವೆ ಕುಳಿತು ಆ ತಪ್ಪು ಜೋಡಿಯನ್ನು ಭದ್ರವಾಗಿ ಬೆಸೆಯಬಲ್ಲದು. ಬೆಳ್ಳಿಯೂ ಇಂಥದೇ ಕೆಲಸವನ್ನು ಬೇರೊಂದು ಜೋಡಿಯಲ್ಲಿ ಮಾಡಬಲ್ಲದು. ಇದರಿಂದ ಆರೋಗ್ಯಕ್ಕೆ ಸಂಬಂಧಿಸಿದಂತೆ ತಿಳಿಯಬೇಕಾದುದೇನು, ಅಂಜಬೇಕಾದುದೇನು, ಆಶಿಸಬಹುದಾದುದೇನು ಎಂಬುದನ್ನು ಅರಿಯಲು ಮೊದಲು ಸರಿಯಾದ ಜೋಡಿ ಎಂದರೇನೆಂಬುದನ್ನು ನೋಡಬೇಕು.

ಜೋಡಿಯ ಕಟ್ಟಳೆ

ಮಾನವ ದೇಹದ ಬಹುಪಾಲು ಜೀವಕೋಶಗಳ ಒಳಗೆ ಡಿ.ಎನ್.ಎ. ಎಂಬ ಅತಿ ಉದ್ದನೆಯ ಅಣು ಇದೆ. ಎರಡು ಎಳೆಗಳನ್ನು ಹೊಸೆದು ಮಾಡಿದ ಹಗ್ಗದಂತೆ, ಇಲ್ಲವೇ ತಿರುಚಿದ ನೂಲೇಣಿಯಂತೆ ಇದರ ರೂಪ. ಏಣಿಯ ಒಂದೊಂದು ಮೆಟ್ಟಿಲೂ ಎರಡು ತುಂಡುಗಳಿಂದಾಗಿದೆ. ಈ ತುಂಡುಗಳಿಗೆ ಪ್ರತ್ಯಾಮ್ಲಗಳೆಂದು ಹೆಸರು. ಅವು ನಾಲ್ಕೇ ಬಗೆ: ಅಡಿನೀನ್, ಥೈಮೀನ್, ಗ್ವಾನೀನ್ ಮತ್ತು ಸೈಟೊಸೀನ್. ಅಡಿನೀನಿನ ಎದುರಿಗೆ ಥೈಮೀನ್, ಗ್ವಾನೀನಿನ ಎದುರಿಗೆ ಸೈಟೊಸೀನ್ – ಇದು ಕಟ್ಟಳೆ. ಮೊದಲನೆಯ ಜೋಡಿಯನ್ನು ಎರಡು, ಎರಡನೆಯದನ್ನು ಮೂರು ಜಲಜನಕ ಬಂಧಗಳು ಹಿಡಿದಿಡುತ್ತವೆ.

ಎರ್ವಿನ್ ಚಾರ್ಗಾಫ್ ಎಂಬ ರಸಾಯನಶಾಸ್ತ್ರಜ್ಞರು 1950ರ ಸುಮಾರಿನಲ್ಲಿ, ಡಿ.ಎನ್.ಎ.ಯಲ್ಲಿ ಅಡಿನೀನ್ ಎಷ್ಟಿದೆಯೋ ಥೈಮೀನ್ ಅಷ್ಟೇ ಇರುವುದನ್ನೂ, ಗ್ವಾನೀನ್ ಎಷ್ಟಿದೆಯೋ ಸೈಟೊಸೀನ್ ಅಷ್ಟೇ ಇರುವುದನ್ನೂ ತೋರಿಸಿದ್ದರು. ಜಮೆಗೂ ಖರ್ಚಿಗೂ ತಾಳೆಯಾದ ಲೆಕ್ಕದಂತಿದ್ದ ಈ ಸಂಗತಿಯ ಹಿಂದಿನ ಕಾರಣವು 1953ರಲ್ಲಿ ಹೊರಬಂದಿತು. ರೋಸಲಿಂಡ್ ಫ್ರಾಂಕ್ಲಿನ್ ಮತ್ತು ಮಾರಿಸ್ ವಿಲ್ಕಿನ್ಸ್ ಅವರ ಕ್ಷಕಿರಣ ಅಧ್ಯಯನಗಳ ನೆರವಿನಿಂದ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಆ ವರ್ಷ ಜೋಡಿ ಸುರುಳಿಯ ರಚನೆಯನ್ನು ಮುಂದಿಟ್ಟರು. ಒಂದು ಎಳೆಯ ಅಕ್ಷರಗಳು ತಿಳಿದರೆ ಇನ್ನೊಂದರ ಅಕ್ಷರಗಳು ತಾವಾಗಿಯೇ ತಿಳಿಯುತ್ತವೆ. ಜೀವಕೋಶವು ಎರಡಾಗುವಾಗ ಎಳೆಗಳು ಬಿಚ್ಚಿಕೊಂಡು, ಒಂದೊಂದೂ ತನ್ನ ಜೊತೆಗಾರ ಎಳೆಯನ್ನು ಹೊಸದಾಗಿ ಕಟ್ಟಿಸಿಕೊಳ್ಳುತ್ತದೆ. ತಾಯಿತಂದೆಯರ ಗುಣ ಮಕ್ಕಳಿಗೆ ಇಳಿಯುವ ಗುಟ್ಟು ಇದೇ.

ಈ ಏಣಿಯ ಅಗಲ ಸುಮಾರು 2 ನ್ಯಾನೊಮೀಟರ್, ಎಂದರೆ ಒಂದು ಮಿಲಿಮೀಟರಿನ ಐದು ಲಕ್ಷದಲ್ಲೊಂದು ಪಾಲು. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ 0.34 ನ್ಯಾನೊಮೀಟರ್ ದೂರ. ತಾಯಿಯಿಂದೊಂದು ತಂದೆಯಿಂದೊಂದು ಕಂತೆಯಾಗಿ ಬಂದ ಜೋಡಿಗಳು, ಒಂದೊಂದು ಕಂತೆಗೆ ಸುಮಾರು 300 ಕೋಟಿಯಂತೆ, ಒಂದು ಜೀವಕೋಶದಲ್ಲಿ ಸುಮಾರು 600 ಕೋಟಿ. ಗುಣಿಸಿ ನೋಡಿದರೆ, ಕಣ್ಣಿಗೆ ಕಾಣದ ಒಂದು ಕೋಶದೊಳಗೆ ಎರಡು ಮೀಟರ್ ಉದ್ದದ ಎಳೆ ಮಡಿಸಿಕೊಂಡಿದೆ ಎಂದಾಯಿತು!

ನಕಲಿನಲ್ಲಿ ನುಸುಳುವ ತಪ್ಪು

600 ಕೋಟಿ ಅಕ್ಷರಗಳ ಕಡತವನ್ನು ಪ್ರತಿ ಸಲವೂ ನಕಲು ಮಾಡುವಾಗ ತಪ್ಪಾಗದಿರಲು ಸಾಧ್ಯವೇ? ನಕಲು ಮಾಡುವ ಕಿಣ್ವವು ಆಗಾಗ ಎಡವುತ್ತದೆ. ಅಕ್ಷರಗಳನ್ನು ಆರಿಸುವ ಮೊದಲ ಹಂತದಲ್ಲಿ ಸುಮಾರು ಒಂದು ಲಕ್ಷಕ್ಕೆ ಒಂದು ತಪ್ಪು ಆಗುತ್ತದೆ. ಹೀಗೆಯೇ ಬಿಟ್ಟರೆ ಒಂದು ನಕಲಿನಲ್ಲಿ 60,000 ತಪ್ಪುಗಳು ಉಳಿದಾವು. ಆದರೆ ಅದೇ ಕಿಣ್ವವು ತಾನು ಬರೆದುದನ್ನು ಕೂಡಲೇ ತಡವಿ ನೋಡಿ, ತಪ್ಪಿದ್ದರೆ ಅಳಿಸಿ ಮತ್ತೆ ಬರೆಯುತ್ತದೆ. ಇದರಿಂದ ತಪ್ಪು ಸುಮಾರು ಕೋಟಿಗೆ ಒಂದಕ್ಕೆ ಇಳಿಯುತ್ತದೆ. ಆಗಲೂ 600 ತಪ್ಪುಗಳು ಉಳಿದವು.

ಗುಮಾಸ್ತನು ಬರೆದ ಕೀರ್ದಿಯನ್ನು ಅವನೇ ಒಮ್ಮೆ ನೋಡಿದರೆ ಸಾಲದು. ಮೇಲಿನವನೊಬ್ಬನು ಬಂದು ತಾಳೆ ನೋಡಿ ರುಜು ಹಾಕಬೇಕು. ಜೀವಕೋಶದಲ್ಲಿಯೂ ಅಂಥ ಎರಡನೆಯ ತಪಾಸಣೆ ಇದೆ. ತಪ್ಪು ಜೋಡಿಯಿದ್ದೆಡೆಯಲ್ಲಿ ಏಣಿಯ ಅಗಲ ತುಸು ಹೆಚ್ಚುಕಡಿಮೆಯಾಗಿ, ಹಿಡಿತ ಸಡಿಲವಾಗುತ್ತದೆ. ಕೆಲವು ಪ್ರೋಟೀನುಗಳು ಎಳೆಯುದ್ದಕ್ಕೂ ಸರಿಯುತ್ತ ಈ ಸಡಿಲಿಕೆಯನ್ನು ಗುರುತಿಸಿ, ಹೊಸ ಎಳೆಯ ಆ ಭಾಗವನ್ನು ಕತ್ತರಿಸಿ ತೆಗೆದು, ಸರಿಯಾಗಿ ಬರೆಯಿಸುತ್ತವೆ. ಹಳೆಯ ಎಳೆ ಯಾವುದು, ಹೊಸದು ಯಾವುದು ಎಂದು ತಿಳಿಯುವುದು ಹೇಗೆ? ಕೆಲವು ಬ್ಯಾಕ್ಟೀರಿಯಗಳಲ್ಲಿ ಹಳೆಯ ಎಳೆಯ ಮೇಲೆ ಮೊಹರಿನಂತೆ ಒಂದು ರಾಸಾಯನಿಕ ಗುರುತು ಇರುತ್ತದೆ. ಹೊಸ ಎಳೆಗೆ ಅದು ಕೊಂಚ ತಡವಾಗಿ ಬೀಳುತ್ತದೆ. ಈ ದುರಸ್ತಿ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ ಅವರಿಗೆ, ಡಿ.ಎನ್.ಎ. ದುರಸ್ತಿಯ ಬೇರೆ ಬಗೆಗಳನ್ನು ಕಂಡುಹಿಡಿದ ಟೋಮಾಸ್ ಲಿಂಡಾಲ್ ಮತ್ತು ಅಜೀಜ್ ಸಂಜಾರ್ ಅವರೊಡನೆ, 2015ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಈ ತಪಾಸಣೆಯೂ ಮುಗಿದ ಮೇಲೆ ಉಳಿಯುವ ತಪ್ಪು ನೂರು ಕೋಟಿಗೆ ಒಂದು ಅಥವಾ ಅದಕ್ಕೂ ಕಡಿಮೆ.

ಈ ತಪಾಸಣೆಗಾರನೇ ಇಲ್ಲದಿದ್ದರೆ? ಹಾಗೂ ಉಂಟು. ಕೆಲವು ಕುಟುಂಬಗಳಲ್ಲಿ ದುರಸ್ತಿ ಪ್ರೋಟೀನುಗಳನ್ನು ಕಟ್ಟುವ ಜೀನೇ ದೋಷಯುಕ್ತವಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುತ್ತದೆ. ಅಂಥವರಲ್ಲಿ ದೊಡ್ಡ ಕರುಳಿನ ಅರ್ಬುದ ಮತ್ತು ಸ್ತ್ರೀಯರಲ್ಲಿ ಗರ್ಭಕೋಶದ ಅರ್ಬುದ ಇತರರಿಗಿಂತ ಹೆಚ್ಚಾಗಿ, ಅದೂ ಚಿಕ್ಕ ವಯಸ್ಸಿನಲ್ಲಿ ತೋರುತ್ತವೆ. ಅಮೆರಿಕದ ವೈದ್ಯ ಆಲ್ಡ್ರೆಡ್ ವಾರ್ತಿನ್ 1913ರಲ್ಲಿ ಇಂಥದೊಂದು ಕುಟುಂಬದ ವೃತ್ತಾಂತವನ್ನು ಪ್ರಕಟಿಸಿದ್ದರು. 1960ರ ದಶಕದಿಂದ ಹೆನ್ರಿ ಲಿಂಚ್ ಎಂಬ ವೈದ್ಯರು ಇಂಥ ಕುಟುಂಬಗಳ ವಂಶವೃಕ್ಷಗಳನ್ನು ಶ್ರಮದಿಂದ ಕಲೆಹಾಕಿದ ಕಾರಣ ಈ ಸ್ಥಿತಿಗೆ ಅವರದೇ ಹೆಸರು ಬಂದಿದೆ. ಕಾರಣವಾದ ಜೀನುಗಳು 1993–94ರಲ್ಲಿ ಪತ್ತೆಯಾದವು.

ಪಾದರಸದ ನಂಟು

ತಪ್ಪು ಜೋಡಿಯು ಸಡಿಲವಾಗಿರುತ್ತದೆ ಎಂಬುದೇ ಜೀವಕೋಶಕ್ಕೆ ವರ. ಸಡಿಲವಾದುದರಿಂದಲೇ ಅದು ಸಿಕ್ಕಿಬೀಳುತ್ತದೆ. ಆ ಸಡಿಲವನ್ನು ಮೂರನೆಯದೊಂದು ವಸ್ತು ಬಿಗಿಗೊಳಿಸಿದರೆ ಏನಾದೀತು? ಇಲ್ಲಿಯೇ ಲೋಹಗಳು ರಂಗಕ್ಕೆ ಬರುತ್ತವೆ.

1952ರಲ್ಲಿ, ಎಂದರೆ ಜೋಡಿ ಸುರುಳಿಯ ರಚನೆ ಪ್ರಕಟವಾಗುವುದಕ್ಕೂ ಒಂದು ವರ್ಷ ಮೊದಲೇ, ಕಾಟ್ಸ್ ಎಂಬ ರಸಾಯನಶಾಸ್ತ್ರಜ್ಞರು ಡಿ.ಎನ್.ಎ. ದ್ರಾವಣಕ್ಕೆ ಪಾದರಸದ ಕ್ಲೋರೈಡನ್ನು ಸೇರಿಸಿದಾಗ ಎರಡೂ ಕೂಡಿಕೊಳ್ಳುವುದನ್ನೂ, ಪಾದರಸವನ್ನು ಹಿಂದಕ್ಕೆ ಸೆಳೆದರೆ ಡಿ.ಎನ್.ಎ. ಮೊದಲಿನ ಸ್ಥಿತಿಗೆ ಮರಳುವುದನ್ನೂ ವರದಿ ಮಾಡಿದರು. ಪಾದರಸವು ಎದುರುಬದುರಾದ ಎರಡು ಥೈಮೀನುಗಳ ನಡುವೆ ಸೇರುತ್ತದೆ ಎಂಬ ವಿವರಣೆಯನ್ನು ಅವರು 1963ರಲ್ಲಿ ಮುಂದಿಟ್ಟರು. 1974ರಲ್ಲಿ ಥೈಮೀನಿನ ಒಂದು ಸರಳ ರೂಪಾಂತರವನ್ನು ಪಾದರಸದೊಡನೆ ಹರಳುಗಟ್ಟಿಸಿ ಕ್ಷಕಿರಣಗಳಿಂದ ನೋಡಿದಾಗ, ಎರಡು ಥೈಮೀನುಗಳ ನಡುವೆ ಒಂದು ಪಾದರಸ ಇರುವುದು ಕಂಡಿತು. ಅಲ್ಲಿಂದ ಮುಂದೆ ವಿಷಯವು ಬಹುಕಾಲ ತಜ್ಞರ ಕಪಾಟಿನಲ್ಲಿಯೇ ಉಳಿಯಿತು. ಅದನ್ನು ಮತ್ತೆ ಹೊರತೆಗೆದವರು ಜಪಾನಿನ ಅಕಿರಾ ಓನೊ ಮತ್ತು ಅವರ ಸಂಗಡಿಗರು. 2004ರಿಂದ ಈಚೆಗೆ ಅವರೂ ಇತರ ಜಪಾನೀ ತಂಡಗಳೂ ಒಂದಾದ ಮೇಲೊಂದು ಪ್ರಯೋಗದಿಂದ ಇದರ ಒಳಮರ್ಮವನ್ನು ಖಚಿತಪಡಿಸಿದರು.

ಮರ್ಮವು ಹೀಗಿದೆ. ಅಡಿನೀನ್ ಮತ್ತು ಗ್ವಾನೀನ್ ದೊಡ್ಡ ತುಂಡುಗಳು. ಥೈಮೀನ್ ಮತ್ತು ಸೈಟೊಸೀನ್ ಚಿಕ್ಕವು. ಒಂದು ದೊಡ್ಡದು ಒಂದು ಚಿಕ್ಕದು ಸೇರಿದರೆ ಮೆಟ್ಟಿಲಿನ ಅಗಲ ಸರಿಹೋಗುತ್ತದೆ. ಥೈಮೀನಿನ ಎದುರಿಗೆ ಥೈಮೀನೇ ಬಂದರೆ ಎರಡೂ ಚಿಕ್ಕವಾದ್ದರಿಂದ ಹಿಡಿತ ದುರ್ಬಲ. ಒಂದೊಂದು ಥೈಮೀನಿನಲ್ಲೂ ಎದುರಿನದರ ಕಡೆಗೆ ಮುಖಮಾಡಿದ ಸಾರಜನಕದ ಒಂದು ಪರಮಾಣು ಇದೆ. ಅದರ ಮೇಲೆ ಒಂದು ಜಲಜನಕ ಕುಳಿತಿದೆ. ಪಾದರಸದ ಅಯಾನು, ಎಂದರೆ ಎರಡು ಧನ ವಿದ್ಯುದಾವೇಶಗಳನ್ನು ಹೊತ್ತ ಪಾದರಸದ ಪರಮಾಣು, ಅಲ್ಲಿಗೆ ಬಂದಾಗ ಆ ಎರಡು ಜಲಜನಕಗಳು ಒಂದೊಂದು ಧನಾವೇಶವನ್ನು ಹೊತ್ತು ಹೊರಟುಹೋಗುತ್ತವೆ. ಅವುಗಳ ಸ್ಥಾನದಲ್ಲಿ ಪಾದರಸವು ಎರಡೂ ಸಾರಜನಕಗಳನ್ನು ಎಡಗೈ ಬಲಗೈಗಳಿಂದ ಹಿಡಿದಂತೆ ನೆಟ್ಟಗೆ ಬಂಧಿಸುತ್ತದೆ. ಹೋದ ಆವೇಶ ಎರಡು, ಬಂದ ಆವೇಶ ಎರಡು, ಲೆಕ್ಕ ಚುಕ್ತವಾಯಿತು! ನಡುವೆ ತುಂಬಿಕೊಂಡ ಲೋಹದಿಂದ ಜೋಡಿಯ ಅಗಲವೂ ಸರಿಯಾದ ಜೋಡಿಯ ಅಗಲಕ್ಕೆ ಹತ್ತಿರವಾಗುತ್ತದೆ.

ಡಿ.ಎನ್.ಎ.ಯ ಎರಡು ಎಳೆಗಳನ್ನು ಕಾಯಿಸಿದರೆ ಅವು ಒಂದು ಉಷ್ಣತೆಯಲ್ಲಿ ಬಿಚ್ಚಿಕೊಳ್ಳುತ್ತವೆ. ಭದ್ರತೆಯ ಅಳತೆಗೋಲು ಇದೇ. ತಪ್ಪು ಜೋಡಿಯಿದ್ದರೆ ಬೇಗ ಬಿಚ್ಚಿಕೊಳ್ಳುತ್ತವೆ. ಥೈಮೀನ್–ಥೈಮೀನ್ ತಪ್ಪು ಜೋಡಿಯೊಂದಿರುವ ತುಣುಕಿಗೆ ಪಾದರಸವನ್ನು ಸೇರಿಸಿದಾಗ ಬಿಚ್ಚಿಕೊಳ್ಳುವ ಉಷ್ಣತೆಯು ಹಲವು ಡಿಗ್ರಿಗಳಷ್ಟು ಏರಿ, ಅದು ಸರಿಯಾದ ಅಡಿನೀನ್–ಥೈಮೀನ್ ಜೋಡಿಯಿರುವ ತುಣುಕಿಗೆ ಸರಿಸಮವಾಯಿತೆಂದು 2006ರ ಪ್ರಯೋಗಗಳು ತೋರಿಸಿದವು. 2007ರಲ್ಲಿ ಕಾಂತೀಯ ಅನುರಣನ ವಿಧಾನದಿಂದ, ಪಾದರಸದ ಮೂಲಕವೇ ಎರಡು ಸಾರಜನಕಗಳು ಕೂಡಿರುವುದಕ್ಕೆ ನೇರ ಪುರಾವೆ ಸಿಕ್ಕಿತು. 2014ರಲ್ಲಿ ಇಂಥ ಜೋಡಿಗಳುಳ್ಳ ಡಿ.ಎನ್.ಎ. ಸುರುಳಿಯ ಹರಳಿನ ರಚನೆಯೇ ಪ್ರಕಟವಾಯಿತು.

ಬೆಳ್ಳಿಯದೂ ಒಂದು ಪಾಲು

2008ರಲ್ಲಿ ಓನೊ ಅವರ ತಂಡವು ಸೈಟೊಸೀನಿನ ಎದುರಿಗೆ ಸೈಟೊಸೀನ್ ಬಂದ ತಪ್ಪು ಜೋಡಿಯನ್ನು ಬೆಳ್ಳಿಯ ಅಯಾನು ಇದೇ ರೀತಿ ಬೆಸೆಯುವುದೆಂದು ವರದಿ ಮಾಡಿತು. ಬೆಳ್ಳಿಗೆ ಒಂದೇ ಧನಾವೇಶ. ಸೈಟೊಸೀನಿನ ಆ ಸಾರಜನಕದ ಮೇಲೆ ಬಿಟ್ಟುಕೊಡಲು ಜಲಜನಕವೂ ಇಲ್ಲ. ಅದು ತೆರವಾಗಿಯೇ ಇದೆ. ಹಾಗಾಗಿ ಏನನ್ನೂ ಹೊರಹಾಕದೆ ಬೆಳ್ಳಿಯು ನಡುವೆ ಬಂದು ಕೂರುತ್ತದೆ. ಪಾದರಸಕ್ಕೆ ಥೈಮೀನ್ ಜೋಡಿ, ಬೆಳ್ಳಿಗೆ ಸೈಟೊಸೀನ್ ಜೋಡಿ: ಈ ಒಲವು ಎಷ್ಟು ಖಚಿತವೆಂದರೆ ಪ್ರಯೋಗಿಸಿ ನೋಡಿದ ಇತರ ಅನೇಕ ಲೋಹಗಳು ಆ ಸ್ಥಾನಗಳನ್ನು ಹೀಗೆ ಭದ್ರಪಡಿಸಲಿಲ್ಲ. 2017ರಲ್ಲಿ ಜಪಾನಿನ ವಿಜ್ಞಾನಿಗಳು ಬೆಳ್ಳಿಯ ಅಯಾನುಗಳು ಡಿ.ಎನ್.ಎ.ಯ ನಡುಗರ್ಭದಲ್ಲಿ ಒಂದರ ಮೇಲೊಂದು ಸಾಲಾಗಿ ನಿಂತ, ತಂತಿಯಂಥ ರಚನೆಯನ್ನೇ ಹರಳಿನಲ್ಲಿ ತೋರಿಸಿದರು.

ಇದನ್ನೋದಿ ಬೆಳ್ಳಿಯ ಬಟ್ಟಲಿನಲ್ಲಿ ಮಗುವಿಗೆ ಹಾಲುಣಿಸುವ ತಾಯಂದಿರು ಗಾಬರಿಗೊಳ್ಳಬೇಕಾಗಿಲ್ಲ. ಪ್ರಯೋಗಶಾಲೆಯ ಪ್ರನಾಳದಲ್ಲಿ ಬರಿಯ ಡಿ.ಎನ್.ಎ.ಯೊಡನೆ ಬೆರೆಸಿದ ಬೆಳ್ಳಿಯ ಅಯಾನುಗಳ ಸ್ಥಿತಿಯೇ ಬೇರೆ, ಬಟ್ಟಲಿನ ಗಟ್ಟಿ ಬೆಳ್ಳಿಯ ಸ್ಥಿತಿಯೇ ಬೇರೆ.

ಬರೆಯುವವನೇ ಮೋಸಹೋದಾಗ

ಲೋಹವು ಆಗಲೇ ಇರುವ ತಪ್ಪು ಜೋಡಿಯನ್ನು ಬೆಸೆಯುವುದು ಒಂದು ಮಾತು. ಲೋಹವಿದ್ದ ಕಾರಣಕ್ಕೇ ಹೊಸ ತಪ್ಪು ಹುಟ್ಟುವುದಾದರೆ ಅದು ಇನ್ನೂ ಗಂಭೀರವಾದುದು. 2010ರಲ್ಲಿ ಜಪಾನಿನ ಉರಾತ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಡಿ.ಎನ್.ಎ.ಯನ್ನು ನಕಲು ಮಾಡುವ ಕಿಣ್ವವನ್ನು ಪ್ರನಾಳದಲ್ಲಿಟ್ಟು, ಪಾದರಸದ ಅಯಾನುಗಳನ್ನು ಸೇರಿಸಿದಾಗ, ಮೂಲ ಎಳೆಯ ಥೈಮೀನಿನ ಎದುರಿಗೆ ಅಡಿನೀನನ್ನು ಇಡಬೇಕಾದ ಕಿಣ್ವವು ಥೈಮೀನನ್ನೇ ಇಟ್ಟು ಮುಂದಕ್ಕೆ ಬರೆಯತೊಡಗಿತು! ಪಾದರಸವು ಮಾಡಿಕೊಟ್ಟ ಜೋಡಿಯ ಆಕಾರವು ನಿಜವಾದ ಜೋಡಿಗೆ ಎಷ್ಟು ಹೋಲುತ್ತದೆಂದರೆ, ಅಷ್ಟು ಎಚ್ಚರದ ಕಿಣ್ವವೂ ಕಳ್ಳನಾಣ್ಯವನ್ನು ಒಳ್ಳೆಯ ನಾಣ್ಯವೆಂದು ಸ್ವೀಕರಿಸಿತು.

ಆದರೆ ಇಲ್ಲೊಂದು ಎಚ್ಚರಿಕೆ ಅವಶ್ಯ. ಪ್ರನಾಳದಲ್ಲಿ ನಡೆದುದು ದೇಹದಲ್ಲಿಯೂ ಹಾಗೆಯೇ ನಡೆಯುವುದೆಂದು ಹೇಳಲಾಗದು. ಪಾದರಸಕ್ಕೆ ಎಲ್ಲಕ್ಕಿಂತ ಹೆಚ್ಚಿನ ಒಲವು ಗಂಧಕದ ಮೇಲೆ. ಜೀವಕೋಶದ ಪ್ರೋಟೀನುಗಳಲ್ಲಿ ಗಂಧಕದ ಗುಂಪುಗಳು ಹೇರಳವಾಗಿವೆ. ಒಳಹೊಕ್ಕ ಪಾದರಸವು ಹೆಚ್ಚಾಗಿ ಅಲ್ಲಿಯೇ ಸಿಕ್ಕಿಕೊಂಡು, ಆ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸಿ ಹಾನಿಮಾಡುತ್ತದೆ. ಪಾದರಸದ ವಿಷವೆಲ್ಲವೂ ಡಿ.ಎನ್.ಎ. ಬೆಸುಗೆಯಿಂದಲೇ ಆಗುತ್ತದೆಂದು ತಿಳಿಯುವುದು ತಪ್ಪಾಗುತ್ತದೆ.

ಮಿನಮಾಟದ ಪಾಠ

ಈ ಸಂಶೋಧನೆಯಲ್ಲಿ ಜಪಾನೀಯರ ಹೆಸರುಗಳೇ ಹೆಚ್ಚಾಗಿ ಬರುತ್ತವೆ. ಪಾದರಸವು ಏನು ಮಾಡಬಲ್ಲದೆಂಬುದನ್ನು ಆ ದೇಶಕ್ಕಿಂತ ಚೆನ್ನಾಗಿ ಬಲ್ಲ ದೇಶ ಬೇರಿಲ್ಲ.

ಜಪಾನಿನ ಕ್ಯೂಶೂ ದ್ವೀಪದಲ್ಲಿ ಮಿನಮಾಟ ಎಂಬ ಕಡಲತೀರದ ಊರಿದೆ. ಅಲ್ಲಿ ಚಿಸ್ಸೊ ಎಂಬ ಸಂಸ್ಥೆಯ ರಾಸಾಯನಿಕ ಕಾರ್ಖಾನೆಯು ಅಸಿಟಾಲ್ಡಿಹೈಡ್ ತಯಾರಿಸುವಾಗ ಪಾದರಸವನ್ನು ಕ್ರಿಯಾವರ್ಧಕವಾಗಿ ಬಳಸುತ್ತಿತ್ತು. ಅದರ ಕಲ್ಮಷ ನೀರು ಕೊಲ್ಲಿಗೆ ಹರಿಯುತ್ತಿತ್ತು. ಊರಿನ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸಾಯತೊಡಗಿದವು. ಆಮೇಲೆ ಮೀನುಗಾರರ ಮಕ್ಕಳಿಗೆ ನಡಿಗೆ ತಪ್ಪಿತು, ಮಾತು ತೊದಲಿತು, ಕೈ ನಡುಗಿತು. ಕಾರ್ಖಾನೆಯದೇ ಆಸ್ಪತ್ರೆಯ ವೈದ್ಯರಾದ ಹೊಸೊಕಾವ 1956ರ ಮೇ 1ರಂದು, ಕಾರಣ ತಿಳಿಯದ ಮೆದುಳಿನ ರೋಗವೊಂದು ಹಬ್ಬಿದೆಯೆಂದು ಆರೋಗ್ಯಾಧಿಕಾರಿಗಳಿಗೆ ತಿಳಿಸಿದರು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾನಿಲಯದ ತಂಡವು ಸಾವಯವ ಪಾದರಸವೇ ಕಾರಣವೆಂದು ಸಾರಿತು. ಆದರೂ ಕಲ್ಮಷ ಹರಿಯುವುದು ನಿಂತದ್ದು, ಸರಕಾರವು ಕಾರಣವನ್ನು ಅಧಿಕೃತವಾಗಿ ಒಪ್ಪಿದ್ದು 1968ರಲ್ಲಿ. ರೋಗಿಗಳೆಂದು ಅಧಿಕೃತವಾಗಿ ಮಾನ್ಯತೆ ಪಡೆದವರೇ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿ.

ಎಲ್ಲಕ್ಕಿಂತ ಕರುಳು ಕಲಕುವ ಸಂಗತಿಯೆಂದರೆ, ಹೆಚ್ಚಿನ ತೊಂದರೆಯಿಲ್ಲದೆ ಓಡಾಡಿಕೊಂಡಿದ್ದ ತಾಯಂದಿರಿಗೆ ರೋಗಪೀಡಿತ ಮಕ್ಕಳು ಹುಟ್ಟಿದುದು. ಮೀಥೈಲ್ ಪಾದರಸವು ಗರ್ಭವೇಷ್ಟನವನ್ನು ದಾಟಿ ಮಗುವಿನ ಬೆಳೆಯುತ್ತಿರುವ ಮೆದುಳನ್ನು ಸೇರಿತ್ತು. ಆ ಊರಿನ ಹೆಸರನ್ನೇ ಹೊತ್ತ ಅಂತಾರಾಷ್ಟ್ರೀಯ ಒಪ್ಪಂದವು 2013ರಲ್ಲಿ ಅಂಗೀಕೃತವಾಗಿ, 2017ರ ಆಗಸ್ಟ್ 16ರಂದು ಜಾರಿಗೆ ಬಂದಿತು. ಭಾರತವು 2018ರಲ್ಲಿ ಅದನ್ನು ಅನುಮೋದಿಸಿತು.

ದೋಷವೇ ಸಾಧನವಾದುದು

ಪಾದರಸವು ಥೈಮೀನ್ ಜೋಡಿಯನ್ನು ಮಾತ್ರ ಹುಡುಕಿಕೊಂಡು ಹೋಗುತ್ತದೆ ಎಂದಾದರೆ, ಆ ಜೋಡಿಯನ್ನೇ ಬಲೆಯಾಗಿ ಒಡ್ಡಿ ನೀರಿನಲ್ಲಿರುವ ಪಾದರಸವನ್ನು ಹಿಡಿಯಬಾರದೇಕೆ? ಓನೊ ಮತ್ತು ತೋಗಾಶಿ 2004ರಲ್ಲಿ ಮಾಡಿದುದು ಇದನ್ನೇ. ಎರಡು ಕೊನೆಗಳಲ್ಲಿ ಥೈಮೀನುಗಳಿರುವ ಚಿಕ್ಕ ಡಿ.ಎನ್.ಎ. ಎಳೆಯನ್ನು ಅವರು ತಯಾರಿಸಿದರು. ಒಂದು ತುದಿಗೆ ಬೆಳಗುವ ಬಣ್ಣ, ಇನ್ನೊಂದು ತುದಿಗೆ ಆ ಬೆಳಕನ್ನು ನುಂಗುವ ಬಣ್ಣ. ನೀರಿನಲ್ಲಿ ಪಾದರಸವಿದ್ದರೆ ಥೈಮೀನುಗಳು ಅದನ್ನು ಹಿಡಿದು, ಎಳೆಯು ತಲೆಪಿನ್ನಿನಂತೆ ಮಡಿಸಿಕೊಂಡು, ಎರಡು ತುದಿಗಳೂ ಕೂಡುತ್ತವೆ, ಬೆಳಕು ಕುಂದುತ್ತದೆ. 2007ರಲ್ಲಿ ಅಮೆರಿಕದ ಚಾಡ್ ಮಿರ್ಕಿನ್ ಅವರ ತಂಡವು ಚಿನ್ನದ ಅತಿ ಸೂಕ್ಷ್ಮ ಕಣಗಳಿಗೆ ಇಂಥ ಎಳೆಗಳನ್ನು ಅಂಟಿಸಿ, ಪಾದರಸವಿರುವುದನ್ನು ಕಣ್ಣಿಗೆ ಕಾಣುವ ಬಣ್ಣದ ಬದಲಾವಣೆಯಿಂದಲೇ ಗುರುತಿಸುವ ವಿಧಾನವನ್ನು ತೋರಿಸಿತು.

ಓನೊ ಅವರ ವಿಧಾನವು ಗುರುತಿಸಬಲ್ಲ ಕನಿಷ್ಠ ಪ್ರಮಾಣವು ಒಂದು ಲೀಟರ್ ನೀರಿಗೆ ಸುಮಾರು 8 ಮೈಕ್ರೊಗ್ರಾಂ ಪಾದರಸ. ಭಾರತೀಯ ಮಾನಕವು ಕುಡಿಯುವ ನೀರಿನಲ್ಲಿ ಅನುಮತಿಸಿರುವುದು ಲೀಟರಿಗೆ 1 ಮೈಕ್ರೊಗ್ರಾಂ ಮಾತ್ರ. ಆದುದರಿಂದ ಮೊದಲ ವಿಧಾನವು ಇನ್ನೂ ಸೂಕ್ಷ್ಮವಾಗಬೇಕಾಗಿತ್ತು. ಆ ದಿಶೆಯಲ್ಲಿ ಅನೇಕ ಪ್ರಯೋಗಶಾಲೆಗಳು ಕೆಲಸ ಮಾಡಿವೆ.

ಅರ್ಬುದದ ಜಾಡಿನಲ್ಲಿ

ಲೋಹವು ಡಿ.ಎನ್.ಎ.ಯನ್ನು ಹಿಡಿಯುವುದು ಔಷಧವೂ ಆಗಬಲ್ಲದೆಂಬುದಕ್ಕೆ ಪ್ರಸಿದ್ಧ ಸಾಕ್ಷಿ ಪ್ಲಾಟಿನಂ. 1965ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ಬಾರ್ನೆಟ್ ರೋಸೆನ್‌ಬರ್ಗ್ ಅವರು ಬ್ಯಾಕ್ಟೀರಿಯಗಳ ಮೇಲೆ ವಿದ್ಯುತ್ತಿನ ಪರಿಣಾಮವನ್ನು ಪರೀಕ್ಷಿಸುತ್ತಿದ್ದಾಗ, ಅವು ಒಡೆದು ಎರಡಾಗುವುದನ್ನು ನಿಲ್ಲಿಸಿ ದಾರದಂತೆ ಉದ್ದವಾದುದನ್ನು ಕಂಡರು. ಕಾರಣ ವಿದ್ಯುತ್ತಲ್ಲ, ವಿದ್ಯುದ್ವಾರದ ಪ್ಲಾಟಿನಂ ಕರಗಿ ಹುಟ್ಟಿದ ಸಂಯುಕ್ತಗಳು. ಅದೇ ಜಾಡಿನಲ್ಲಿ ದೊರೆತ ಸಿಸ್‌ಪ್ಲಾಟಿನ್ 1978ರಲ್ಲಿ ಅಮೆರಿಕದಲ್ಲಿ ಅರ್ಬುದದ ಔಷಧವೆಂದು ಅನುಮತಿ ಪಡೆಯಿತು. ಇದು ಮುಖ್ಯವಾಗಿ ಒಂದೇ ಎಳೆಯ ಪಕ್ಕಪಕ್ಕದ ಎರಡು ಗ್ವಾನೀನುಗಳನ್ನು ಹಿಡಿದು ಸುರುಳಿಯನ್ನು ಬಗ್ಗಿಸುತ್ತದೆ. ಕೋಶವು ನಕಲು ಮಾಡಲಾರದೆ ಸಾಯುತ್ತದೆ. ವೃಷಣದ ಅರ್ಬುದದ ಚಿಕಿತ್ಸೆಯಲ್ಲಿ ಇದು ತಂದ ಬದಲಾವಣೆ ಅಪಾರ. ಆದರೆ ಮೂತ್ರಪಿಂಡಕ್ಕೂ ಕಿವಿಗೂ ಇದರಿಂದ ತೊಂದರೆಯಾಗುವುದುಂಟು.

ತಪ್ಪು ಜೋಡಿಯನ್ನೇ ಗುರಿಯಾಗಿಸಿದ ಲೋಹವೂ ಒಂದಿದೆ. ಅಮೆರಿಕದ ಜಾಕ್ವೆಲಿನ್ ಬಾರ್ಟನ್ ಮತ್ತು ಅವರ ಶಿಷ್ಯರು ರೋಡಿಯಂ ಲೋಹದ ಸುತ್ತ ಅಗಲವಾದ ರೆಕ್ಕೆಯುಳ್ಳ ಅಣುವನ್ನು ಕಟ್ಟಿದರು. ಸರಿಯಾದ ಜೋಡಿಗಳ ನಡುವೆ ಆ ರೆಕ್ಕೆ ತೂರಲಾರದು. ಜೋಡಿ ತಪ್ಪಿ ಸಡಿಲವಾದೆಡೆ ಮಾತ್ರ ತೂರಿಕೊಂಡು, ತಪ್ಪಿದ ಅಕ್ಷರಗಳೆರಡನ್ನೂ ಹೊರಕ್ಕೆ ತಳ್ಳಿ ತಾನು ಅಲ್ಲಿ ಕೂರುತ್ತದೆ. ಪಾದರಸವು ತಪ್ಪನ್ನು ಮುಚ್ಚಿಹಾಕಿದರೆ, ರೋಡಿಯಂ ತಪ್ಪನ್ನು ಬಯಲಿಗೆಳೆಯುತ್ತದೆ ಎನ್ನಬಹುದು. ದುರಸ್ತಿ ವ್ಯವಸ್ಥೆ ಕೆಟ್ಟ ಕರುಳಿನ ಅರ್ಬುದ ಕೋಶಗಳಲ್ಲಿ ತಪ್ಪು ಜೋಡಿಗಳು ಹೆಚ್ಚು. ಅಂಥ ಕೋಶಗಳಿಗೆ ಈ ಜಾತಿಯ ಸಂಯುಕ್ತಗಳು ಹೆಚ್ಚು ಮಾರಕವೆಂದು ಪ್ರಯೋಗಶಾಲೆಯಲ್ಲಿ ಕಂಡಿದೆ. ಇದೇ ಕೋಶಗಳು ಸಿಸ್‌ಪ್ಲಾಟಿನಿಗೆ ಸುಲಭವಾಗಿ ಬಗ್ಗವೆಂಬುದನ್ನು ನೆನೆದರೆ ಈ ಶೋಧದ ಬೆಲೆ ತಿಳಿಯುತ್ತದೆ. ರೋಗಿಯ ಹಾಸಿಗೆಯವರೆಗೆ ಬರಲು ಮಾತ್ರ ಇದು ಇನ್ನೂ ಬಹುದೂರ ಸಾಗಬೇಕು.

ಮನೆವಾರ್ತೆಗೆ ಕೆಲವು ಮಾತು

ಇಷ್ಟು ಸೂಕ್ಷ್ಮವಾದ ವಿಚಾರದಿಂದ ಗೃಹಸ್ಥರಿಗೆ ಪ್ರಯೋಜನವೇನೆಂದು ಕೇಳಿದರೆ, ಉತ್ತರಗಳು ಇಲ್ಲದಿಲ್ಲ.

ಮೊದಲನೆಯದು, ಒಡೆದ ಉಷ್ಣಮಾಪಕ. ಪಾದರಸದ ಅಪಾಯವಿರುವುದು ಮುಖ್ಯವಾಗಿ ಅದರ ಆವಿಯಲ್ಲಿ. ಮಕ್ಕಳನ್ನು ಕೋಣೆಯಿಂದ ಹೊರಗೆ ಕಳುಹಿಸಿ ಕಿಟಕಿಗಳನ್ನು ತೆರೆಯಬೇಕು. ಪೊರಕೆಯಿಂದ ಗುಡಿಸಿದರೆ ಹನಿಗಳು ಒಡೆದು ಹರಡುತ್ತವೆ. ಧೂಳು ಹೀರುವ ಯಂತ್ರವನ್ನು ಬಳಸಿದರೆ ಆವಿ ಹೆಚ್ಚುತ್ತದೆ. ಕೈಯ ಉಂಗುರ ಬಳೆಗಳನ್ನು ತೆಗೆದಿಟ್ಟು, ಗಟ್ಟಿ ಕಾಗದದ ಅಂಚಿನಿಂದ ಹನಿಗಳನ್ನು ಒಟ್ಟುಗೂಡಿಸಿ, ಉಳಿದ ಸಣ್ಣ ಕಣಗಳನ್ನು ಅಂಟುಪಟ್ಟಿಯಿಂದ ಎತ್ತಿ, ಬಿಗಿ ಮುಚ್ಚಳದ ಶೀಶೆಯಲ್ಲಿಡಬೇಕು. ಬಚ್ಚಲಿಗೆ ಸುರಿಯಬಾರದು. ಹೊಸದಾಗಿ ಕೊಳ್ಳುವವರು ವಿದ್ಯುನ್ಮಾನ ಉಷ್ಣಮಾಪಕವನ್ನು ಕೊಳ್ಳುವುದು ಲೇಸು.

ಎರಡನೆಯದು, ಮೈಬಣ್ಣವನ್ನು ತಿಳಿಗೊಳಿಸುವುದೆಂದು ಮಾರುವ ಕೆಲವು ಮುಲಾಮುಗಳಲ್ಲಿ ಪಾದರಸವಿರುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಕಂಡಿದೆ. ತಯಾರಕರ ವಿಳಾಸವೂ ಘಟಕಗಳ ಪಟ್ಟಿಯೂ ಇಲ್ಲದ ಡಬ್ಬಿಯನ್ನು, ಗರ್ಭಿಣಿಯರಂತೂ, ಮುಟ್ಟಲೇಬಾರದು. ಪಾದರಸ ಸೇರಿದ ಔಷಧಗಳನ್ನು ಅರ್ಹ ವೈದ್ಯರ ನಿಗಾ ಇಲ್ಲದೆ ಸೇವಿಸುವುದೂ ತರವಲ್ಲ.

ಮೂರನೆಯದು ಮೀನು. ಕರಾವಳಿಯಿಂದ ಮುಂಬಯಿ ಸೇರಿದ ಮನೆಗಳಲ್ಲಿ ಮೀನಿಲ್ಲದ ಊಟ ಊಟವೇ ಅಲ್ಲ. ಅದನ್ನು ಬಿಡಬೇಕಾಗಿಲ್ಲ. ಶಾರ್ಕಿನಂಥ ದೊಡ್ಡ ಬೇಟೆಮೀನುಗಳಲ್ಲಿ ಮೀಥೈಲ್ ಪಾದರಸ ಹೆಚ್ಚು ಸಂಗ್ರಹವಾಗುತ್ತದೆ. ಬೂತಾಯಿ, ಬಂಗುಡೆಗಳಂಥ ಸಣ್ಣ ಮೀನುಗಳಲ್ಲಿ ಕಡಿಮೆ. ಬಸುರಿಯರೂ ಮಕ್ಕಳೂ ದೊಡ್ಡದನ್ನು ಬಿಟ್ಟು ಸಣ್ಣದನ್ನು ಆರಿಸಿದರೆ ಪೋಷಣೆಗೂ ಸುರಕ್ಷತೆಗೂ ಭಂಗವಿಲ್ಲ.

ನಾಲ್ಕನೆಯದೂ ಬಹುಮುಖ್ಯವಾದುದೂ ವಂಶದ ಲೆಕ್ಕ. ಕರುಳಿನ ಅಥವಾ ಗರ್ಭಕೋಶದ ಅರ್ಬುದವು ಹತ್ತಿರದ ಮೂವರು ಬಂಧುಗಳಲ್ಲಿ, ಎರಡು ತಲೆಮಾರುಗಳಲ್ಲಿ, ಅವರಲ್ಲಿ ಒಬ್ಬರಿಗಾದರೂ 50 ವರ್ಷಕ್ಕೆ ಮುಂಚೆ ಬಂದಿದ್ದರೆ ಲಿಂಚ್ ದೋಷವನ್ನು ಶಂಕಿಸಬೇಕೆಂಬುದು ವೈದ್ಯರು ಬಳಸುವ ಒಂದು ಸ್ಥೂಲ ಸೂತ್ರ. ದೋಷಯುಕ್ತ ಜೀನು ಇರುವವರ ಪ್ರತಿಯೊಂದು ಮಗುವಿಗೂ ಅದು ಇಳಿಯುವ ಸಂಭವ ಅರ್ಧದಷ್ಟು. ಮೊದಲೇ ತಿಳಿದರೆ, ಕಾಲಕಾಲಕ್ಕೆ ಕರುಳಿನ ದರ್ಶಕ ಪರೀಕ್ಷೆ ಮಾಡಿಸಿ ಗಂಟುಗಳನ್ನು ಅರ್ಬುದವಾಗುವ ಮುನ್ನವೇ ತೆಗೆಸಬಹುದು. ದುರಸ್ತಿ ದೋಷವಿರುವ ಗೆಡ್ಡೆಗಳಿಗೆ, ಅವು ಯಾವ ಅಂಗದಲ್ಲಿದ್ದರೂ, ದೇಹದ ರಕ್ಷಣಾಶಕ್ತಿಯನ್ನು ಎಚ್ಚರಿಸುವ ಒಂದು ಔಷಧವನ್ನು 2017ರಲ್ಲಿ ಅಮೆರಿಕದಲ್ಲಿ ಅನುಮತಿಸಲಾಯಿತು.

ಆದರೆ ಈ ಲೆಕ್ಕವನ್ನು ಬರೆದಿಟ್ಟವರಾರು? ಊರು ಬಿಟ್ಟು ಮಹಾನಗರವನ್ನು ಸೇರಿದ ಕುಟುಂಬಗಳಲ್ಲಿ ಅಜ್ಜ ಯಾವ ಕಾಯಿಲೆಯಿಂದ ತೀರಿಕೊಂಡರು, ಸೋದರತ್ತೆಗೆ ಆದ ಶಸ್ತ್ರಚಿಕಿತ್ಸೆ ಯಾವುದು ಎಂಬುದು ಮಕ್ಕಳಿಗೆ ತಿಳಿದಿರುವುದೇ ಇಲ್ಲ. ‘ಹೊಟ್ಟೆನೋವಿನಿಂದ ಹೋದರು’ ಎಂಬ ಒಂದು ಮಾತಿನಲ್ಲಿ ಎಷ್ಟೋ ಸತ್ಯಗಳು ಅಡಗಿವೆ. ಜಾತ್ರೆಗೋ ಮದುವೆಗೋ ಊರಿಗೆ ಹೋದಾಗ ಹಿರಿಯರ ಬಳಿ ಕುಳಿತು, ಯಾರಿಗೆ, ಯಾವ ವಯಸ್ಸಿನಲ್ಲಿ, ಏನಾಯಿತೆಂದು ಕೇಳಿ ಒಂದು ಹಾಳೆಯ ಮೇಲೆ ಬರೆದುಕೊಂಡು ಬಂದರೆ, ಆ ಹಾಳೆಯು ಮುಂದೊಂದು ದಿನ ಮಗನದೋ ಮಗಳದೋ ಪ್ರಾಣವನ್ನು ಉಳಿಸಬಹುದು. ತಪ್ಪು ಆಗುವುದು ಪ್ರಕೃತಿಯಲ್ಲಿಯೂ ಸಹಜವೇ. ಅದು ಕಾಣದಂತೆ ಬೆಸೆದುಹೋದಾಗಲೇ ಕೇಡು. ಕಣ್ಣಿಗೆ ಬಿದ್ದ ತಪ್ಪಿಗೆ ದುರಸ್ತಿಯುಂಟು.